ಬ್ಯಾಂಕ್ ಮುಳುಗಿದಾಗ ಠೇವಣಿ ವಿಮೆಯ ಹಣ ಪಡೆಯುವುದು ಹೇಗೆ: ಮೊದಲ ದಿನದಿಂದ ಹಣ ಜಮೆಯಾಗುವವರೆಗೆ

ಆಲೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಮೂರು ತಿಂಗಳು ಕಾದು ಸಾಕಾಗಿ ನನ್ನ ಹತ್ತಿರ ಬಂದಾಗ ಅವರ ಕೈಯಲ್ಲಿದ್ದದ್ದು ಒಂದು ರಿಜಿಸ್ಟರ್ಡ್ ಪೋಸ್ಟಿನ ರಸೀದಿ. ಎಫ್‌ಡಿ ಬಾಂಡುಗಳ ಜೆರಾಕ್ಸ್ ಲಗತ್ತಿಸಿ, ನಾಲ್ಕು ಪುಟದ ಅರ್ಜಿ ಬರೆದು ನೇರವಾಗಿ ಮುಂಬೈಯಲ್ಲಿರುವ ಠೇವಣಿ ವಿಮೆಯ ನಿಗಮಕ್ಕೆ ಕಳಿಸಿದ್ದರು. ಹಾಸನದ ಶಾಖೆಯಲ್ಲಿ ಕೊಡಬೇಕಿದ್ದ ಒಪ್ಪಿಗೆ ಪತ್ರವನ್ನು ಮಾತ್ರ ಕೊಟ್ಟಿರಲಿಲ್ಲ. "ಮುಳುಗಿಸಿದವರ ಬಾಗಿಲಿಗೇ ಮತ್ತೆ ಯಾಕೆ ಹೋಗಬೇಕು?" ಅಂದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಹಣ ಬರುವ ದಾರಿ ಆ ಬಾಗಿಲಿನಿಂದಲೇ ಹೊರಡುತ್ತದೆ.

ಹಣ ಕೊಡುವುದು ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾದ ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮ, ಅಂದರೆ ಡಿಐಸಿಜಿಸಿ. ನಿಗಮ ಠೇವಣಿದಾರರಿಂದ ನೇರವಾಗಿ ಕ್ಲೇಮ್ ತೆಗೆದುಕೊಳ್ಳುವುದಿಲ್ಲ. ಯಾರಿಗೆ ಎಷ್ಟು ಸಲ್ಲಬೇಕು ಅನ್ನುವ ಪಟ್ಟಿಯನ್ನು ನಿಮ್ಮ ಬ್ಯಾಂಕೇ ಮಾಡಿ ಕಳಿಸುತ್ತದೆ. ಲೈಸೆನ್ಸ್ ರದ್ದಾಗಿದ್ದರೆ ಸಮಾಪನಾಧಿಕಾರಿ, ಜನ ಲಿಕ್ವಿಡೇಟರ್ ಅನ್ನುತ್ತಾರಲ್ಲ, ಅವರು ಕಳಿಸುತ್ತಾರೆ. ಆ ಪಟ್ಟಿಯಲ್ಲಿ ನಿಮ್ಮ ಹೆಸರು, ನಿಮ್ಮ ಮೊತ್ತ, ಹಣ ಹೋಗಬೇಕಾದ ಖಾತೆ, ಈ ಮೂರೂ ಸರಿಯಾಗಿ ಕೂರಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ. ಹಿಂದುಮುಂದು ಮಾಡಬೇಡಿ, ಎಷ್ಟೋ ಜನ ಎಡವಿದ್ದು ಐದನೆಯ ಹಂತ ಬಿಟ್ಟು ಆರಕ್ಕೆ ಹಾರಿದ್ದರಿಂದ.

## ಮೊದಲೇ ಜೋಡಿಸಿಟ್ಟುಕೊಳ್ಳಬೇಕಾದವು

ಒಂದು ಪ್ಲಾಸ್ಟಿಕ್ ಫೈಲು ತೆಗೆದುಕೊಳ್ಳಿ. ಅದರಲ್ಲಿ ಪಾಸ್‌ಬುಕ್, ಎಫ್‌ಡಿ ಮತ್ತು ಆರ್‌ಡಿ ಬಾಂಡುಗಳು, ಪಿಗ್ಮಿ ಪುಸ್ತಕ, ಆಧಾರ್, ಪ್ಯಾನ್, ಎರಡು ಫೋಟೊ, ಬೇರೆ ಬ್ಯಾಂಕಿನ ಖಾತೆಯ ಪಾಸ್‌ಬುಕ್ ಮೊದಲ ಪುಟ ಅಥವಾ ಕ್ಯಾನ್ಸಲ್ ಮಾಡಿದ ಚೆಕ್ ಇರಲಿ. ಮುಳುಗಿದ ಬ್ಯಾಂಕಿನಲ್ಲಿ ಸಾಲವಿದ್ದರೆ ಅದರ ಕಾಗದವೂ ಬೇಕು. ಎಲ್ಲದರ ಮೂರು ಜೆರಾಕ್ಸ್ ಮಾಡಿಸಿ. ಬಾಂಡಿನ ಒರಿಜಿನಲ್ಲನ್ನು ಸ್ವೀಕೃತಿ ಇಲ್ಲದೆ ಯಾರ ಕೈಗೂ ಕೊಡಬೇಡಿ, ಕೌಂಟರಿನಲ್ಲಿ ಕೂತವರು ಎಷ್ಟೇ ಪರಿಚಯದವರಾಗಿರಲಿ.

## ಹಂತ 1: ನಿಮ್ಮ ಹಣ ಇರುವುದು ಬ್ಯಾಂಕಿನಲ್ಲೋ, ಸೊಸೈಟಿಯಲ್ಲೋ?

ನಮ್ಮ ಕಡೆ ಎಲ್ಲವನ್ನೂ "ಬ್ಯಾಂಕು" ಅನ್ನುವುದೇ ರೂಢಿ. ಊರಿನ ವಿಎಸ್‌ಎಸ್‌ಎನ್ (ವ್ಯವಸಾಯ ಸೇವಾ ಸಹಕಾರ ಸಂಘ) ಕೂಡ ಬ್ಯಾಂಕು, ಬಸ್ ಸ್ಟ್ಯಾಂಡ್ ಹತ್ತಿರದ ಪತ್ತಿನ ಸಹಕಾರ ಸಂಘವೂ ಬ್ಯಾಂಕು. ಕಾನೂನು ಹಾಗೆ ನೋಡುವುದಿಲ್ಲ. ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಸ್ಮಾಲ್ ಫೈನಾನ್ಸ್ ಬ್ಯಾಂಕು, ಪಟ್ಟಣ ಸಹಕಾರ ಬ್ಯಾಂಕು, ಡಿಸಿಸಿ ಬ್ಯಾಂಕು, ಅಪೆಕ್ಸ್ ಬ್ಯಾಂಕು, ಇವುಗಳ ಠೇವಣಿಗೆ ವಿಮೆ ಇದೆ. ವಿಎಸ್‌ಎಸ್‌ಎನ್, ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ, ಫೈನಾನ್ಸ್ ಕಂಪನಿ, ಚೀಟಿ ಫಂಡ್, ಇವಕ್ಕೆ ಇಲ್ಲ. ವಿಎಸ್‌ಎಸ್‌ಎನ್ ಡಿಸಿಸಿ ಬ್ಯಾಂಕಿನ ಸದಸ್ಯ ಸಂಘ ಅನ್ನುವ ಕಾರಣಕ್ಕೆ ನೀವು ವಿಎಸ್‌ಎಸ್‌ಎನ್‌ನಲ್ಲಿ ಇಟ್ಟ ಹಣಕ್ಕೆ ವಿಮೆ ಬಂದುಬಿಡುವುದಿಲ್ಲ. ಈ ಮಾತು ಹೇಳಿದಾಗ ಮುಖ ಬಾಡುವವರನ್ನು ಬಹಳ ನೋಡಿದ್ದೇನೆ.

ಸೌಹಾರ್ದದಲ್ಲಿ ಒಂದು ಸೂಕ್ಷ್ಮವಿದೆ. ಕೆಲವು ಸೌಹಾರ್ದ ಸಂಸ್ಥೆಗಳು ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಪಡೆದು ನಿಜವಾಗಿಯೂ ಬ್ಯಾಂಕುಗಳಾಗಿವೆ. ಬೋರ್ಡು ನೋಡಿ ನಂಬದೆ, ಡಿಐಸಿಜಿಸಿ ವೆಬ್‌ಸೈಟಿನಲ್ಲಿರುವ ವಿಮೆ ಮಾಡಿಸಿದ ಬ್ಯಾಂಕುಗಳ ಪಟ್ಟಿಯಲ್ಲಿ ಪೂರ್ತಿ ಹೆಸರು ಹುಡುಕಿ. ಅಲ್ಲಿದ್ದರೆ ಮುಂದೆ ಓದಿ.

ಅಲ್ಲಿ ಇಲ್ಲದಿದ್ದರೆ ಉಳಿದ ಹಂತಗಳು ನಿಮಗಲ್ಲ. ನೀವು ಹೋಗಬೇಕಾದದ್ದು ಸಹಕಾರ ಇಲಾಖೆಗೆ. ಉಪವಿಭಾಗ ಮಟ್ಟದ ಸಹಾಯಕ ನಿಬಂಧಕರ ಕಚೇರಿ, ಜನ ಎ.ಆರ್. ಆಫೀಸು ಅನ್ನುತ್ತಾರೆ. ಪತ್ತಿನ ಸಂಘವಾಗಿದ್ದರೆ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ ಕಲಂ 70ರ ಅಡಿ ದಾವೆ ಹೂಡಬಹುದು. ಅದೇ ಬೇರೆ ದಾರಿ, ಉದ್ದದ ದಾರಿ.

## ಹಂತ 2: ಬಂದಿರುವ ಆದೇಶ ಯಾವುದು, ಅದರ ದಿನಾಂಕ ಯಾವುದು?

ಶಟರ್ ಎಳೆದಿದೆ ಅಂದ ಮಾತ್ರಕ್ಕೆ ವಿಮೆ ಸಿಗುವುದಿಲ್ಲ. ಎರಡರಲ್ಲಿ ಒಂದು ಆಗಿರಬೇಕು.

ಮೊದಲನೆಯದು ನಿರ್ಬಂಧ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ ಕಲಂ 35ಎ ಅಡಿ ರಿಸರ್ವ್ ಬ್ಯಾಂಕ್ ನಿರ್ದೇಶನ ಹೊರಡಿಸಿ, ಹಣ ತೆಗೆಯುವುದಕ್ಕೆ ಮಿತಿ ಹಾಕುತ್ತದೆ ಅಥವಾ ಪೂರ್ತಿ ನಿಲ್ಲಿಸುತ್ತದೆ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೆ ಆದದ್ದು ಇದೇ. ಒಬ್ಬರಿಗೆ 35,000 ರೂಪಾಯಿ ಮಾತ್ರ ಅಂತ ಮಿತಿ ಬಿತ್ತು. ಇಂಥ ಆದೇಶ ಬಂದ 90 ದಿನಗಳೊಳಗೆ ವಿಮೆಯ ಹಣ ಕೊಡಬೇಕು ಅನ್ನುವ, ಡಿಐಸಿಜಿಸಿ ಕಾಯ್ದೆಯ ಕಲಂ 18ಎ ಜಾರಿಗೆ ಬಂದದ್ದು 2021ರ ಸೆಪ್ಟೆಂಬರ್ 1ರಿಂದ. ಅದಕ್ಕೆ ಮೊದಲು ಬ್ಯಾಂಕ್ ಪೂರ್ತಿ ಮುಚ್ಚುವ ತನಕ ವರ್ಷಗಟ್ಟಲೆ ಕಾಯಬೇಕಿತ್ತು.

ಎರಡನೆಯದು ಲೈಸೆನ್ಸ್ ರದ್ದು. ಸಹಕಾರ ಬ್ಯಾಂಕಾದರೆ ರಾಜ್ಯದ ಸಹಕಾರ ಸಂಘಗಳ ನಿಬಂಧಕರು ಸಮಾಪನೆಯ ಆದೇಶ ಮಾಡಿ ಸಮಾಪನಾಧಿಕಾರಿಯನ್ನು ನೇಮಿಸುತ್ತಾರೆ. ಅವರು ಅಧಿಕಾರ ವಹಿಸಿಕೊಂಡ 3 ತಿಂಗಳೊಳಗೆ ಪಟ್ಟಿ ಕಳಿಸಬೇಕು, ಪಟ್ಟಿ ತಲುಪಿದ 2 ತಿಂಗಳೊಳಗೆ ನಿಗಮ ಹಣ ಕೊಡಬೇಕು.

ನಿರ್ಬಂಧದ 90 ದಿನ ಹೀಗೆ ಹಂಚಿಕೆಯಾಗುತ್ತದೆ: ಪಟ್ಟಿ ಕಳಿಸಲು ಬ್ಯಾಂಕಿಗೆ 45 ದಿನ, ಪರಿಶೀಲಿಸಲು ನಿಗಮಕ್ಕೆ 30 ದಿನ, ಹಣ ಹಾಕಲು 15 ದಿನ. ಮಾರ್ಚ್ 1ರಂದು ಆದೇಶ ಬಂತು ಅಂದುಕೊಳ್ಳಿ. ಏಪ್ರಿಲ್ 15ಕ್ಕೆ ಪಟ್ಟಿ ಹೋಗಿರಬೇಕು, ಮೇ 15ಕ್ಕೆ ಪರಿಶೀಲನೆ ಮುಗಿಯಬೇಕು, ಮೇ 30ಕ್ಕೆ ಹಣ. ನಿಮಗೆ ಕೆಲಸವಿರುವುದು ಮೊದಲ 45 ದಿನದಲ್ಲಿ ಮಾತ್ರ. ಮನೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಗುರುತು ಹಾಕಿ. ಕಾಫಿ ಕೊಯ್ಲಿನ ಹೊತ್ತಿನಲ್ಲಿ ಆದೇಶ ಬಂದರೆ ಮೂಡಿಗೆರೆ, ಸಕಲೇಶಪುರದ ಕಡೆಯವರಿಗೆ ಈ 45 ದಿನ ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ಕಳೆದುಹೋಗುತ್ತದೆ.

ಬ್ಯಾಂಕನ್ನು ಬೇರೆ ಬ್ಯಾಂಕಿನ ಜೊತೆ ವಿಲೀನ ಮಾಡುವ ಮಾತುಕತೆ ನಡೆದಿದ್ದರೆ ಈ ಅವಧಿಯನ್ನು ಇನ್ನೂ 90 ದಿನ ಮುಂದೂಡಲು ಕಾನೂನಿನಲ್ಲಿ ಅವಕಾಶವಿದೆ. ಹಾಗಾದಾಗ ಗಾಬರಿ ಬೇಡ, ಫಾರಂ ಕೊಡುವುದನ್ನು ನಿಲ್ಲಿಸುವುದೂ ಬೇಡ.

## ಹಂತ 3: ನಿಮಗೆ ಸಲ್ಲಬೇಕಾದ ಮೊತ್ತವನ್ನು ನೀವೇ ಲೆಕ್ಕ ಹಾಕಿ

ಗರಿಷ್ಠ ಮಿತಿ 5 ಲಕ್ಷ ರೂಪಾಯಿ, 2020ರ ಫೆಬ್ರವರಿ 4ರಿಂದ. ಅಸಲು, ಬಡ್ಡಿ ಎರಡೂ ಸೇರಿ. ಆದೇಶದ ದಿನಕ್ಕೆ ಅಸಲು 4,95,000, ಬಡ್ಡಿ 4,000 ಇದ್ದರೆ 4,99,000 ಬರುತ್ತದೆ. ಅಸಲೇ 5 ಲಕ್ಷ ಮುಟ್ಟಿದ್ದರೆ ಬಡ್ಡಿಗೆ ಜಾಗವಿಲ್ಲ.

ಖಾತೆಗೆ 5 ಲಕ್ಷ ಅಂತ ಓದಿಕೊಂಡವರು ಬಹಳ. ಅದು ತಪ್ಪು. ಒಬ್ಬ ವ್ಯಕ್ತಿಗೆ, ಒಂದು ಬ್ಯಾಂಕಿಗೆ 5 ಲಕ್ಷ. ಹಾಸನದ ಶಾಖೆಯಲ್ಲಿ 3 ಲಕ್ಷ, ಅರಸೀಕೆರೆ ಶಾಖೆಯಲ್ಲಿ 4 ಲಕ್ಷ ಇಟ್ಟಿದ್ದರೆ ಒಟ್ಟು 7 ಲಕ್ಷ, ಸಿಗುವುದು 5. ಉಳಿತಾಯ, ಎಫ್‌ಡಿ, ಆರ್‌ಡಿ, ಪಿಗ್ಮಿ ಎಲ್ಲವನ್ನೂ ಕೂಡಿಸುತ್ತಾರೆ. ನಿಮ್ಮೊಬ್ಬರದೇ ಮಾಲೀಕತ್ವದ ಗೊಬ್ಬರದ ಅಂಗಡಿಯ ಕರೆಂಟ್ ಅಕೌಂಟ್ ಕೂಡ ನಿಮ್ಮ ಸ್ವಂತ ಲೆಕ್ಕಕ್ಕೇ ಸೇರುತ್ತದೆ. ಪಾಲುದಾರಿಕೆ ಫರ್ಮ್ ಆದರೆ ಪ್ರತ್ಯೇಕ.

ಜಂಟಿ ಖಾತೆಗೆ ಬೇರೆಯೇ ಲೆಕ್ಕ. ಗಂಡನ ಹೆಸರಲ್ಲಿ ಒಂದು ಖಾತೆ, ಗಂಡ-ಹೆಂಡತಿ ಜಂಟಿಯಾಗಿ ಇನ್ನೊಂದು ಇದ್ದರೆ ಎರಡಕ್ಕೂ ಪ್ರತ್ಯೇಕ ಮಿತಿ. ಹೆಸರಿನ ಕ್ರಮವೂ ಲೆಕ್ಕಕ್ಕೆ ಬರುತ್ತದೆ: "ಗಂಡ, ಹೆಂಡತಿ" ಅಂತ ಒಂದು ಎಫ್‌ಡಿ, "ಹೆಂಡತಿ, ಗಂಡ" ಅಂತ ಇನ್ನೊಂದು ಇದ್ದರೆ ಅವೂ ಬೇರೆ ಬೇರೆ. ಅಪ್ರಾಪ್ತ ಮಗನ ಪರವಾಗಿ ಪೋಷಕರಾಗಿ ತೆರೆದ ಖಾತೆಯೂ ನಿಮ್ಮ ಸ್ವಂತದ್ದರೊಂದಿಗೆ ಸೇರುವುದಿಲ್ಲ. ನಾಮಿನಿ ಹಾಕಿದರೆ ಮಿತಿ ಹೆಚ್ಚುವುದಿಲ್ಲ, ಒಬ್ಬರನ್ನು ಹಾಕಿ ನಾಲ್ವರನ್ನು ಹಾಕಿ.

ಸಾಲವಿದ್ದರೆ ಬ್ಯಾಂಕಿಗೆ ನೀವು ಕೊಡಬೇಕಾದ್ದನ್ನು ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಆದೇಶದ ನಂತರ ಮಿತಿಯೊಳಗೆ ತೆಗೆದುಕೊಂಡ ಹಣವೂ ಕಳೆಯುತ್ತದೆ.

ಇನ್ನೊಂದು. ಸಹಕಾರ ಬ್ಯಾಂಕಿನಲ್ಲಿ ಸಾಲಕ್ಕಾಗಿಯೋ ಡಿವಿಡೆಂಡಿನ ಆಸೆಗೋ ಷೇರು ತೆಗೆದುಕೊಂಡಿರುತ್ತೀರಿ. ಷೇರು ಹಣ ಠೇವಣಿಯಲ್ಲ. ಅದಕ್ಕೆ ವಿಮೆ ಇಲ್ಲ.

## ಹಂತ 4: ದಾಖಲೆಯನ್ನು ಆ ದಿನಕ್ಕೆ ನಿಲ್ಲಿಸಿ

ಶಾಖೆಗೆ ಹೋಗಿ ಆದೇಶದ ದಿನದವರೆಗೆ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಸ್ಟೇಟ್‌ಮೆಂಟ್ ಕೇಳಿ. ಮೊಬೈಲ್ ಆಪ್ ಇನ್ನೂ ತೆರೆಯುತ್ತಿದ್ದರೆ ಪರದೆಯ ಫೋಟೊ ತೆಗೆದಿಡಿ, ನಾಳೆ ತೆರೆಯದಿರಬಹುದು.

ಪಿಗ್ಮಿ ಕಟ್ಟುವವರು ಇಲ್ಲಿ ಇನ್ನೊಂದು ಸಲ ನೋಡಬೇಕು. ಏಜೆಂಟರಿಗೆ ನೀವು ಕೊಟ್ಟ ದಿನ ಬೇರೆ, ಬ್ಯಾಂಕಿನ ಲೆಡ್ಜರಿಗೆ ಅದು ಏರಿದ ದಿನ ಬೇರೆ. ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆಯ ಅಂಗಡಿಯವರೊಬ್ಬರ ಪಿಗ್ಮಿ ಪುಸ್ತಕದಲ್ಲಿ ಸಹಿ ಇತ್ತು, ಬ್ಯಾಂಕಿನ ಲೆಕ್ಕದಲ್ಲಿ ಕೊನೆಯ ಹನ್ನೊಂದು ದಿನದ ಹಣವೇ ಇರಲಿಲ್ಲ. ಪುಸ್ತಕ, ಏಜೆಂಟರ ಮೆಷಿನ್ನಿನ ಚೀಟಿ, ಬಂದಿದ್ದ ಎಸ್‌ಎಂಎಸ್ ಮೂರನ್ನೂ ಲಗತ್ತಿಸಿ, ವ್ಯತ್ಯಾಸವನ್ನು ಬರವಣಿಗೆಯಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನ ತಕರಾರು ಪಟ್ಟಿಯ ಹತ್ತಿರವೂ ಸುಳಿಯುವುದಿಲ್ಲ.

## ಹಂತ 5: ಹಣ ಹೋಗಬೇಕಾದ ಖಾತೆಯನ್ನು ಮೊದಲು ಸರಿಮಾಡಿ

ನನ್ನ ಅನುಭವದಲ್ಲಿ ಹಣ ನಿಂತುಹೋಗುವುದು ಬಹುಪಾಲು ಇಲ್ಲಿ. ಪಟ್ಟಿಯಲ್ಲಿ ಹೆಸರಿದೆ, ನಿಗಮ ಹಣ ಬಿಟ್ಟಿದೆ, ಆದರೂ ಖಾತೆಗೆ ಬಂದಿಲ್ಲ. ಕಾರಣ ಹುಡುಕಿದರೆ ಸಿಗುವುದು ಈ ನಾಲ್ಕರಲ್ಲಿ ಒಂದು.

ಹೆಸರು ಹೊಂದುವುದಿಲ್ಲ. ನಮ್ಮ ಜಿಲ್ಲೆಗಳಿಗೆ ಅಂಟಿದ ರೋಗ ಇದು. ಹಳೆ ಬ್ಯಾಂಕಿನಲ್ಲಿ "ಹೆಚ್.ಕೆ. ರಂಗೇಗೌಡ", ಆಧಾರಿನಲ್ಲಿ "ರಂಗೇಗೌಡ ಬಿನ್ ಕಾಳೇಗೌಡ", ಹೊಸ ಖಾತೆಯಲ್ಲಿ "ರಂಗೇಗೌಡ ಕೆ". ಮೂವರೂ ಒಬ್ಬರೇ ಅಂತ ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಮದುವೆಯ ನಂತರ ಇನಿಷಿಯಲ್ ಬದಲಾದ ಹೆಣ್ಣುಮಕ್ಕಳದೂ ಇದೇ ಕಥೆ. ಹೊಸ ಖಾತೆಯ ಹೆಸರನ್ನು ಆಧಾರಿಗೆ ಹೊಂದಿಸಿ, ಹಳೆ ಬ್ಯಾಂಕಿನಲ್ಲಿ ಕೆವೈಸಿ ಹೊಸದಾಗಿ ಕೊಡಿ, ಎರಡೂ ಹೆಸರು ಒಬ್ಬರದೇ ಅನ್ನುವ ನೋಟರಿ ಅಫಿಡವಿಟ್ ಒಂದನ್ನು ಫೈಲಿನಲ್ಲಿಟ್ಟುಕೊಳ್ಳಿ.

ಖಾತೆಗೆ ಮಿತಿ ಇದೆ. ಪೂರ್ತಿ ಕೆವೈಸಿ ಇಲ್ಲದೆ ತೆರೆದ "ಸ್ಮಾಲ್ ಅಕೌಂಟ್" ಆದರೆ ವರ್ಷಕ್ಕೆ ಒಟ್ಟು 1 ಲಕ್ಷ ಮಾತ್ರ ಜಮೆಯಾಗಬಹುದು, ಬಾಕಿ 50,000 ದಾಟುವಂತಿಲ್ಲ. ಜನಧನ್ ಖಾತೆಗಳಲ್ಲಿ ಕೆಲವು ಈ ಬಗೆಯವು. ಪೋಸ್ಟಾಫೀಸಿನಲ್ಲಿ ಬೆರಳೊತ್ತಿ ತೆರೆಸಿದ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆಯಾದರೆ, ಪೇಮೆಂಟ್ಸ್ ಬ್ಯಾಂಕಿಗೆ ದಿನದ ಕೊನೆಯ ಬಾಕಿಯ ಮಿತಿಯೇ 2 ಲಕ್ಷ. 4 ಲಕ್ಷ ಬರಬೇಕಾದವರು ಇಂಥ ಖಾತೆ ಬರೆದುಕೊಟ್ಟರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಆಧಾರ್ ಎಲ್ಲಿಗೆ ಜೋಡಿಸಿದೆಯೋ ಗೊತ್ತಿಲ್ಲ. ಫಾರಂನಲ್ಲಿ ಖಾತೆ ಸಂಖ್ಯೆಯ ಬದಲು "ಆಧಾರ್ ಜೋಡಿತ ಖಾತೆಗೆ ಹಾಕಿ" ಅಂತ ಒಪ್ಪಿಗೆ ಕೊಡುವ ಅವಕಾಶವಿದ್ದರೆ ಹಣ ಎನ್‌ಪಿಸಿಐ ಮ್ಯಾಪಿಂಗ್ ಆಗಿರುವ ಖಾತೆಗೆ ಹೋಗುತ್ತದೆ, ಅಂದರೆ ಗೃಹಲಕ್ಷ್ಮಿ, ಪಿಎಂ ಕಿಸಾನ್ ಹಣ ಬೀಳುವ ಖಾತೆಗೆ. ಅದು ಮುಳುಗಿದ ಬ್ಯಾಂಕಿನದೇ ಆಗಿದ್ದರೆ? ಮೊದಲು ಬೇರೆ ಬ್ಯಾಂಕಿಗೆ ಮ್ಯಾಪಿಂಗ್ ಬದಲಾಯಿಸಿ, ಆಮೇಲೆ ಒಪ್ಪಿಗೆ ಕೊಡಿ. ಖಾತೆ ಸಂಖ್ಯೆ ಕೊಡುವ ಅವಕಾಶವಿದ್ದರೆ ನಾನು ಅದನ್ನೇ ಆರಿಸಿಕೊಳ್ಳುತ್ತೇನೆ. ಹಣ ಎಲ್ಲಿಗೆ ಹೋಯಿತು ಅಂತ ಹುಡುಕುವ ಪಾಡು ತಪ್ಪುತ್ತದೆ.

ಕೊನೆಯದು, ಖಾತೆ ನಿದ್ದೆಯಲ್ಲಿದೆ. ಎರಡು ವರ್ಷ ವಹಿವಾಟಿಲ್ಲದ ಖಾತೆಯನ್ನು ನಿಷ್ಕ್ರಿಯ ಅಂತ ಗುರುತಿಸಿರುತ್ತಾರೆ. ನೂರು ರೂಪಾಯಿ ಕಟ್ಟಿ, ನೂರು ತೆಗೆದು, ಖಾತೆ ನಡೆಯುತ್ತಿದೆಯೇ ಅಂತ ನೋಡಿಕೊಳ್ಳಿ. ವಿಲೀನವಾದ ಬ್ಯಾಂಕುಗಳ ಹಳೆಯ ಐಎಫ್‌ಎಸ್‌ಸಿ ಕೋಡು ಪಾಸ್‌ಬುಕ್ಕಿನಲ್ಲೇ ಉಳಿದಿರುತ್ತದೆ. ಈಗಿನ ಕೋಡು ಕೇಳಿ ಬರೆದುಕೊಳ್ಳಿ.

## ಹಂತ 6: ಒಪ್ಪಿಗೆ ಪತ್ರ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ

ಫಾರಂ ನಿಮ್ಮ ಶಾಖೆಯಲ್ಲೇ ಸಿಗುತ್ತದೆ, ಉಚಿತ. ವಿಮೆಯ ಹಣ ಪಡೆಯಲು ಒಪ್ಪಿದ್ದೇನೆ ಅನ್ನುವ ಘೋಷಣೆ, ಗುರುತಿನ ದಾಖಲೆ, ಹಣ ಹಾಕಬೇಕಾದ ಖಾತೆಯ ವಿವರ, ಅದರ ಸಾರ ಇಷ್ಟೇ. ಹಲವು ಶಾಖೆಗಳಲ್ಲಿ ಖಾತೆ ಇದ್ದರೆ ಎಲ್ಲವನ್ನೂ ಬರೆಯಿರಿ. ಮುಚ್ಚಿಟ್ಟರೆ ಲಾಭವಿಲ್ಲ, ಕೂಡಿಸುವಾಗ ಹೇಗೂ ಬೆಳಕಿಗೆ ಬರುತ್ತದೆ, ನಿಮ್ಮ ಸಾಲು ಪಕ್ಕಕ್ಕೆ ಹೋಗುತ್ತದೆ.

ಜಂಟಿ ಖಾತೆಗೆ ಎಲ್ಲರ ಸಹಿ ಬೇಕು. ಮಗ ದುಬೈಯಲ್ಲಿದ್ದರೆ ಅದಕ್ಕೆ ದಿನ ಹಿಡಿಯುತ್ತದೆ, ಮೊದಲ ವಾರವೇ ಶುರುಮಾಡಿ. ಹೆಬ್ಬೆಟ್ಟು ಒತ್ತುವವರಿದ್ದರೆ ಸಾಕ್ಷಿಗಳನ್ನು ಜೊತೆಗೆ ಕರೆದೊಯ್ಯಿರಿ. ಹೊಸ ಮೊಬೈಲ್ ನಂಬರನ್ನು ಇದೇ ಸಮಯದಲ್ಲಿ ಹಾಕಿಸಿ. ಮುಂದೆ ಸ್ಥಿತಿ ನೋಡಲು ಬ್ಯಾಂಕಿನಲ್ಲಿ ದಾಖಲಾದ ನಂಬರೇ ಬೇಕು.

ಫಾರಂನ ಜೆರಾಕ್ಸ್ ಮೇಲೆ ಶಾಖೆಯ ಸೀಲು, ಸಹಿ, ದಿನಾಂಕ ಹಾಕಿಸದೆ ಕೌಂಟರ್ ಬಿಡಬೇಡಿ. "ನಾಳೆ ಬನ್ನಿ, ಸೀಲು ಒಳಗಿದೆ" ಅಂದರೆ ಅಲ್ಲೇ ಬೆಂಚಿನ ಮೇಲೆ ಕೂತುಕೊಳ್ಳಿ.

ಗಡುವು ತಪ್ಪಿದರೆ ಹಣ ಹೋಯಿತು ಅಂತ ಕೈಚೆಲ್ಲಬೇಡಿ. ತಡವಾಗಿ ಒಪ್ಪಿಗೆ ಕೊಟ್ಟವರನ್ನು ಮುಂದಿನ ಪಟ್ಟಿಯಲ್ಲಿ ಸೇರಿಸುವುದುಂಟು. ಆದರೆ 90 ದಿನದ ಲೆಕ್ಕ ಆಗ ನಿಮಗೆ ಅನ್ವಯಿಸುವುದಿಲ್ಲ, ಕಾಯಬೇಕು.

## ಹಂತ 7: ಖಾತೆದಾರರು ತೀರಿಕೊಂಡಿದ್ದರೆ

ನಾಮಿನಿ ಇದ್ದರೆ ಸುಲಭ: ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ದಾಖಲೆ, ಖಾತೆ ವಿವರ. ನಾಮಿನಿ ಇಲ್ಲದಿದ್ದರೆ ಅದೇ ದಿನ ನಾಡಕಚೇರಿಗೆ ಹೋಗಿ ವಂಶವೃಕ್ಷಕ್ಕೆ ಅರ್ಜಿ ಹಾಕಿ. ಮೊತ್ತ ದೊಡ್ಡದಿದ್ದರೆ, ವಾರಸುದಾರರಲ್ಲಿ ತಕರಾರಿದ್ದರೆ ನ್ಯಾಯಾಲಯದ ಉತ್ತರಾಧಿಕಾರ ಪತ್ರ ಕೇಳಬಹುದು. ಅಣ್ಣತಮ್ಮಂದಿರ ಜಗಳ 45 ದಿನದಲ್ಲಿ ಮುಗಿಯುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಅಂಥಲ್ಲಿ ಕ್ಲೇಮ್ ಇದೆ ಅನ್ನುವುದನ್ನಾದರೂ ಬರೆದುಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ.

## ಹಂತ 8: ಕಾಯುವ ದಿನಗಳು

ಪಟ್ಟಿ ಹೋದ ಮೇಲೆ ಡಿಐಸಿಜಿಸಿ ವೆಬ್‌ಸೈಟಿನ "ದಾವಾ ಸೂಚಕ್" ಎಂಬಲ್ಲಿ ಮೊಬೈಲ್ ನಂಬರ್ ಹಾಕಿ ಕ್ಲೇಮಿನ ಸ್ಥಿತಿ ನೋಡಬಹುದು. ಹಣ ವಾಪಸ್ ಹೋಗಿದ್ದರೆ ತಿದ್ದಿದ ಖಾತೆ ವಿವರವನ್ನು ಮತ್ತೆ ಶಾಖೆಗೋ ಸಮಾಪನಾಧಿಕಾರಿಗೋ ಕೊಡಬೇಕು. ಶಾಖೆಯವರು ಫಾರಂ ತೆಗೆದುಕೊಳ್ಳಲು ಒಪ್ಪದಿದ್ದರೆ, ಪಟ್ಟಿಯಿಂದ ಹೆಸರು ಬಿಟ್ಟಿದ್ದರೆ ಸ್ವೀಕೃತಿಯ ಪ್ರತಿಯೊಂದಿಗೆ ರಿಸರ್ವ್ ಬ್ಯಾಂಕಿನ ಸಿಎಂಎಸ್ ಪೋರ್ಟಲಿನಲ್ಲಿ ದೂರು ಹಾಕಿ. ಮಾಹಿತಿಗೆ 14448ಕ್ಕೆ ಫೋನ್ ಮಾಡಬಹುದು.

ಈ ದಿನಗಳಲ್ಲಿ ನಿಮಗೆ ಫೋನುಗಳು ಬರುತ್ತವೆ. "ನಿಮ್ಮ 5 ಲಕ್ಷ ಮಂಜೂರಾಗಿದೆ, ಪ್ರೊಸೆಸಿಂಗ್ ಫೀ 4,999 ಕಟ್ಟಿ." "ಓಟಿಪಿ ಹೇಳಿ, ಈಗಲೇ ಜಮೆ." ನಿಗಮ ಠೇವಣಿದಾರರಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ, ವಿಮೆಯ ಕಂತನ್ನು ಬ್ಯಾಂಕೇ ಕಟ್ಟಿರುತ್ತದೆ. ಏಜೆಂಟರನ್ನೂ ಇಟ್ಟಿಲ್ಲ. ನೂರಕ್ಕೆ ಹತ್ತು ಕೊಟ್ಟರೆ ಬೇಗ ಮಾಡಿಸಿಕೊಡುತ್ತೇನೆ ಅನ್ನುವ ಊರಿನ ಪುಢಾರಿ, ನಿಮ್ಮ ಬಾಂಡನ್ನು ಅರ್ಧ ಬೆಲೆಗೆ ಕೊಳ್ಳುತ್ತೇನೆ ಅನ್ನುವ ಸೇಟು, ಇಬ್ಬರನ್ನೂ ಗೇಟಿನ ಆಚೆಯಿಂದಲೇ ಕಳಿಸಿ.

## ಹಂತ 9: 5 ಲಕ್ಷಕ್ಕಿಂತ ಹೆಚ್ಚು ಇದ್ದವರು

ನಿರ್ಬಂಧದ ಹಂತದಲ್ಲಿ ಒಮ್ಮೆ ವಿಮೆ ಪಡೆದವರಿಗೆ ಲೈಸೆನ್ಸ್ ರದ್ದಾದಾಗ ಇನ್ನೊಂದು 5 ಲಕ್ಷ ಬರುವುದಿಲ್ಲ. ಒಟ್ಟು ಮಿತಿ ಅದೇ. ಮಿಕ್ಕ ಹಣಕ್ಕೆ ಸಮಾಪನಾಧಿಕಾರಿಯ ಬಳಿ ಪ್ರತ್ಯೇಕ ಕ್ಲೇಮ್ ಹಾಕಬೇಕು. ಅವರು ಹಕ್ಕುದಾರರನ್ನು ಕರೆದು ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತಾರೆ. ಗಡುವು ಅದರಲ್ಲೇ ಇರುತ್ತದೆ, ಆದ್ದರಿಂದ ಜಿಲ್ಲೆಯ ಪತ್ರಿಕೆಗಳ ಒಳಪುಟಗಳನ್ನು ಬಿಡದೆ ನೋಡಿ.

ಬ್ಯಾಂಕಿನ ಕಟ್ಟಡ ಮಾರಿ, ಸಾಲ ವಸೂಲಿ ಮಾಡಿ ಬಂದ ಹಣದಲ್ಲಿ ನಿಗಮ ತಾನು ಕೊಟ್ಟದ್ದನ್ನು ಮೊದಲು ವಾಪಸ್ ಪಡೆಯುತ್ತದೆ. ಆಮೇಲೆ ಉಳಿದದ್ದು ನಿಮ್ಮಂಥವರಿಗೆ, ಪ್ರಮಾಣಕ್ಕೆ ತಕ್ಕಂತೆ. ವರ್ಷಗಳು ಹಿಡಿಯುತ್ತವೆ, ಪೂರ್ತಿ ಬರದೆಯೂ ಇರಬಹುದು. ಮಗಳ ಮದುವೆಗೆ ಆ ಹಣವನ್ನೇ ನೆಚ್ಚಿಕೊಂಡು ಛತ್ರ ಬುಕ್ ಮಾಡಬೇಡಿ.

ಮೇಷ್ಟ್ರ ವಿಷಯ: ಮುಂಬೈಯಿಂದ ಉತ್ತರ ಬರಲಿಲ್ಲ. ಹಾಸನದ ಶಾಖೆಯಲ್ಲಿ ಫಾರಂ ಕೊಟ್ಟು, ಇನಿಷಿಯಲ್ ಸರಿಮಾಡಿಸಿ, ಮುಂದಿನ ಪಟ್ಟಿಯಲ್ಲಿ ಸೇರಿದರು. ಹಣ ಬಂದ ದಿನ ಫೋನ್ ಮಾಡಿ, ರಿಜಿಸ್ಟರ್ಡ್ ಪೋಸ್ಟಿಗೆ ಕೊಟ್ಟ ದುಡ್ಡನ್ನು ಯಾರ ಹತ್ತಿರ ಕ್ಲೇಮ್ ಮಾಡುವುದು ಅಂತ ಕೇಳಿದರು.